ಹೆರಿಗೆ ವಾರ್ಡಿನ ದೃಷ್ಟಿಗೊಂಬೆ

ಕುಂಬಾರರ ಚಿಕ್ಕಸಿದ್ದಮ್ಮನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಹೊನ್ನೇಕೊಪ್ಪಲಿನವರು ಹೇಳುತ್ತಿದ್ದರು. ಹೇಳುವವರಿಗೇನು? ಸಿಟ್ಟು ಮಾಡಲೇಬೇಕಾಗಿದ್ದ ಹೊತ್ತಿನಲ್ಲಿ ತಲೆ ತಗ್ಗಿಸಿಕೊಂಡು ಎಲೆಯಡಿಕೆ ಜಗಿಯುತ್ತ ನಿಂತವರೂ ಅವರೇ. ಅವರೆಲ್ಲರ ಪಾಲಿನ ಸಿಟ್ಟನ್ನೂ ಒಬ್ಬಳೇ ಮಾಡಬೇಕಾಗಿ ಬಂದರೆ ಅದು ಮೂಗಿನ ತುದಿಗೆ ಬಾರದೆ ಇನ್ನೆಲ್ಲಿಗೆ ಬರಬೇಕು?

ಹೊನ್ನೇಕೊಪ್ಪಲು ಹಂಪಾಪುರ ದಾಟಿ ತಾಲ್ಲೂಕಿನ ಊರಾದ ಕೋಟೆಯ ಕಡೆಗೆ ಹೋಗುವಾಗ ಹೊಳೆಯ ಮಗ್ಗುಲಿಗೆ ಸಿಗುವ ಊರು. ಚಿಕ್ಕಸಿದ್ದಮ್ಮ ಹುಟ್ಟಿದ್ದು ರಾವಂದೂರಿನಲ್ಲಿ. ಇಲ್ಲಿಯ ಚಾಮಯ್ಯನನ್ನು ಮದುವೆಯಾಗಿ ಬಂದಾಗ ಅವಳಿಗಿನ್ನೂ ಸೀರೆ ನಿಲ್ಲಿಸಿಕೊಳ್ಳಲೂ ಬರುತ್ತಿರಲಿಲ್ಲವಂತೆ. ಗಂಡ ತಿಗರಿ ತಿರುಗಿಸಿದರೆ ಇವಳು ಮಣ್ಣು ತುಳಿಯುವಳು, ಹಸಿ ಮಡಕೆ ತಟ್ಟುವಳು, ಒಲೆ ಹಾಕುವಳು. ಹೆಂಗಸರು ತಿಗರಿ ಮುಟ್ಟುವ ಹಾಗಿರಲಿಲ್ಲ. ಆದರೆ ಕೈಯಲ್ಲೇ ತಿದ್ದುವ ಗೊಂಬೆಗಳೆಲ್ಲ ಅವಳವೇ. ಚಾಮಯ್ಯ ಚಳಿಜ್ವರಕ್ಕೆ ಹೋದ. ಆ ಸೀಮೆಯಲ್ಲಿ ಆಗ ಚಳಿಜ್ವರ ಮನೆಮನೆಗೂ ಹೆಸರು ಹಿಡಿದು ಕರೆದಂತೆ ಬರುತ್ತಿತ್ತು. ಹೆತ್ತ ಮಕ್ಕಳಲ್ಲಿ ಉಳಿದವಳು ಸಾಕಮ್ಮ ಒಬ್ಬಳೇ. ಅವಳನ್ನು ಎನ್. ಬೇಗೂರಿನ ರಂಗನಿಗೆ ಕೊಟ್ಟಿದ್ದಳು. ರಂಗ ಗಾಡಿ ಹೊಡೆಯುವವನು, ಒಳ್ಳೆಯವನು. ಆದರೆ ಒಳ್ಳೆಯ ಗಂಡನಿದ್ದ ಮಾತ್ರಕ್ಕೆ ಹೆರಿಗೆ ಸಲೀಸಾಗುತ್ತದೆಯೇ? ಸಾಕಿಯ ಮೊದಲ ಕೂಸು ಅಳಲೇ ಇಲ್ಲ. ಎರಡನೆಯದು ಅತ್ತು, ಸಂಜೆಯ ಹೊತ್ತಿಗೆ ಸುಮ್ಮನಾಯಿತು. ಈಗ ಮೂರನೆಯದು ಹೊಟ್ಟೆಯಲ್ಲಿತ್ತು.

ಮೂವತ್ತಾರನೆಯ ಇಸವಿಯ ಸುಮಾರಿಗೆ ಊರ ಹೊರಗೆ, ರಸ್ತೆಯ ಪಕ್ಕ, ಮಹಾರಾಜರ ಸರ್ಕಾರದವರು ಹೆರಿಗೆ ವಾರ್ಡು ಕಟ್ಟಿಸತೊಡಗಿದರು. ಮಂಗಳೂರು ಹೆಂಚು, ಗಾಜಿನ ಕಿಟಕಿ, ಎತ್ತರದ ಬಾಗಿಲು. ಕಟ್ಟಡ ಏಳುವ ಮೊದಲೇ ಮಿಡ್‌ವೈಫ್ ಸುನಂದಮ್ಮ ಮೈಸೂರಿನಿಂದ ಬಂದು ಶಾನುಭೋಗರ ಮನೆಯ ಹೊರಕೋಣೆಯಲ್ಲಿ ಇಳಿದುಕೊಂಡಿದ್ದರು. ಮಣ್ಣಿನ ಹೂಜಿ ಕೊಳ್ಳಲು ಬಂದವರು ಚಿಕ್ಕಸಿದ್ದಮ್ಮನ ಜಗಲಿಯಲ್ಲಿ ಕೂತರೆ ಏಳುತ್ತಿರಲಿಲ್ಲ. ಸಾಕಿ ತವರಿಗೆ ಬಂದಿದ್ದಾಗ ಒಮ್ಮೆ ಅವಳ ಹೊಟ್ಟೆ ಮುಟ್ಟಿ ನೋಡಿ, ಚಿಕ್ಕಸಿದ್ದಮ್ಮನನ್ನು ಪಕ್ಕಕ್ಕೆ ಕರೆದರು.

"ಸಿದ್ದಮ್ಮ, ಈ ಸಲ ಮನೆಯಲ್ಲಿ ಬೇಡ. ಇವಳ ಸೊಂಟದ ಕಟ್ಟು ಕಿರಿದು. ಮಗು ತಿರುಗಿ ಕೂತರೆ ನಿಮ್ಮ ಸೂಲಗಿತ್ತಿ ಬೀರಮ್ಮನ ಕೈಯಲ್ಲಿ ಆಗೋದಿಲ್ಲ. ನೋವು ಶುರುವಾಗುತ್ತಲೇ ವಾರ್ಡಿಗೆ ಕರೆತನ್ನಿ. ತರ್ತೀರಿ ತಾನೇ?"

"ತರ್ತೀನಿ ಕಣವ್ವ. ಒತ್ಕೊಂಡಾದ್ರೂ ತರ್ತೀನಿ."

ಅದೇ ದಿನ ಸುನಂದಮ್ಮ ಇನ್ನೊಂದು ಮಾತನ್ನೂ ಹೇಳಿದ್ದರು. ಮುಂಬಾಗಿಲ ಮೇಲೆ ಒಂದು ಗೂಡು ಬರುತ್ತದೆ, ಅದರಲ್ಲಿ ತಾಯಿ-ಮಗುವಿನ ವಿಗ್ರಹ ಕೂರಿಸುತ್ತಾರೆ, ಮೈಸೂರಿನ ಕುಶಲಿಗರಿಂದ ಮಾಡಿಸಿ ತರುತ್ತಾರೆ, ಅದಕ್ಕೆಂದೇ ಸರ್ಕಾರ ಕಟ್ಟಡದ ಹಣದ ಜೊತೆಗೆ ಬೇರೆ ಹಣ ಮಂಜೂರು ಮಾಡಿದೆ ಎಂದು.

"ಆಸ್ಪತ್ರೆಗೆ ಗೊಂಬೆ ಯಾಕವ್ವ?"

"ನೋವು ತಿನ್ನುತ್ತಾ ಬರೋ ಹುಡುಗಿಗೆ ಮೊದಲು ಕಣ್ಣಿಗೆ ಬೀಳೋದು ಕತ್ತರಿ, ಬಕೆಟ್ಟು ಆಗಬಾರದು ಅಂತ. ಹೆದರಿಕೆ ಹೋಗಲಿ ಅಂತ."

ಚಿಕ್ಕಸಿದ್ದಮ್ಮ ಕೈಯಲ್ಲಿದ್ದ ಮಣ್ಣನ್ನು ಕೆಳಗಿಟ್ಟಳು. ಕಂದಾಯ ಕೇಳಿದ್ದ ಸರ್ಕಾರ ಗೊತ್ತಿತ್ತು, ಬಿಟ್ಟಿಗೆ ಕರೆದಿದ್ದ ಸರ್ಕಾರ ಗೊತ್ತಿತ್ತು. ಹೆಂಗಸಿಗೆ ಹೆದರಿಕೆಯಾಗುತ್ತದೆ ಎಂಬುದು ಸರ್ಕಾರದ ತಲೆಗೆ ಹೊಳೆದಿದ್ದು ಅವಳ ಬಾಳಿನಲ್ಲಿ ಅದೇ ಮೊದಲು. "ಯಾರೋ ಎತ್ತವ್ವನ ಮಗ ಇರ್ಬೇಕು ಬುಡಿ ಅಂಗೆ ಯೋಚ್ನೆ ಮಾಡ್ದೋನು" ಎಂದಳು.

ಗೋಡೆ ಬಾಗಿಲ ಎತ್ತರಕ್ಕೆ ಬಂದಾಗ ಸಾರುವೆಯ ಮೇಲಿಂದ ಒಬ್ಬ ಆಳು ಬಿದ್ದು ಸೊಂಟ ಮುರಿದುಕೊಂಡ. ಮಾರನೆಯ ದಿನ ಗಾರೆಯವರು ಕೆಲಸಕ್ಕೆ ಬರಲಿಲ್ಲ. ಕಂಟ್ರಾಕ್ಟರ್ ಶಿವನಂಜಪ್ಪ ಚಿಕ್ಕಸಿದ್ದಮ್ಮನ ಮನೆ ಬಾಗಿಲಿಗೆ ಬಂದ. ಇದೇ ಊರಿನವನು, ಇದೇ ಕೇರಿಯ ಧೂಳಿನಲ್ಲಿ ಆಡಿ ಬೆಳೆದವನು. ಈಗ ಕೋಟು ತೊಟ್ಟು ಜೇಬಿನಲ್ಲಿ ಗಡಿಯಾರದ ಸರಪಳಿ ಬಿಟ್ಟುಕೊಂಡಿದ್ದ.

"ಒಂದು ದಿಷ್ಟಿಗೊಂಬೆ ಮಾಡ್ಕೊಡಮ್ಮಿ. ಗೊಂಬೆ ಏರೋಗಂಟ ಆಳು ಏರಕ್ಕಿಲ್ಲ ಅಂತಾವ್ರೆ."

"ಮಾಡ್ಕೊಡ್ತೀನಿ. ಬಾಗ್ಲು ತೆಗೆಯೋ ದಿನ ನನ್ನ ಕರೀಬೇಕು. ಮಾಡ್ದೋಳೇ ಇಳಿಸ್ಬೇಕು, ಗೊತ್ತೈತಲ್ಲ?"

"ಗೊತ್ತಿಲ್ದೆ ಏನು? ನಾನೇನು ಬಿಳೀ ದೊರೆಯಾ?"

ಅವಳ ಮನೆತನದ ಪದ್ಧತಿ ಹೀಗಿತ್ತು. ದೃಷ್ಟಿಗೊಂಬೆಯನ್ನು ಆವಿಗೆಯಲ್ಲಿ ಸುಡುವುದಿಲ್ಲ. ಹಸಿ ಮಣ್ಣಿಗೆ ಇದ್ದಿಲಪುಡಿ, ಮೆಣಸಿನ ಬೀಜ ಕಲಸಿ, ನಾಲಿಗೆ ಹೊರಚಾಚಿಸಿ, ಕಣ್ಣು ಉಬ್ಬಿಸಿ, ನೆರಳಲ್ಲಿ ಒಣಗಿಸುತ್ತಾರೆ. ಕಟ್ಟಡ ಮುಗಿಯುವ ತನಕ ಬರುವ ಹೋಗುವವರ ಕಣ್ಣೆಲ್ಲ ಅದು ತಿನ್ನುತ್ತದೆ. ಮನೆಯೊಳಗೆ ಮೊದಲ ಹಾಲುಕ್ಕುವ ಮುನ್ನ, ಮಾಡಿದ ಕೈಯೇ ಅದನ್ನು ಇಳಿಸಿ, ಹಿಂದಿರುಗಿ ನೋಡದೆ ಹೊಳೆಗೆ ಒಯ್ಯಬೇಕು. ನೀರಿಗಿಟ್ಟು, ಕರಗಿ ಮಣ್ಣು ಮಣ್ಣಾಗುವ ತನಕ ಬೆನ್ನು ತಿರುಗಿಸಬಾರದು. ಸುಡದೆ ಇಡುವುದೇ ಅದಕ್ಕಾಗಿ: ತಿಂದದ್ದನ್ನೆಲ್ಲ ಹೊತ್ತು ಕರಗಿ ಹೋಗಬೇಕು, ಉಳಿಯಬಾರದು.

ಮನೆಗಾದರೆ ಮನೆಯೊಡೆಯನ ಅಣಕದಂತೆ ಮೀಸೆಯ ಗೊಂಬೆ ಮಾಡುತ್ತಿದ್ದಳು. ಇದು ಹೆರುವ ಮನೆ. ಹಾಗಾಗಿ ತುಂಬಿದ ಬಸುರಿಯ ಗೊಂಬೆ ಮಾಡಿದಳು. ಮಗಳು ಕಾಲಿಡುವ ಜಾಗವಲ್ಲವೇ, ಕೈ ಎಂದಿನಷ್ಟಕ್ಕೇ ನಿಲ್ಲಲಿಲ್ಲ. ಹೊಟ್ಟೆಯನ್ನು ತೀಡಿದಳು, ಹೊಟ್ಟೆಯ ಮೇಲೆ ಎರಡು ಕೈಯನ್ನೂ ಕೂರಿಸಿದಳು. ನಾಲಿಗೆ ಮತ್ತು ಕಣ್ಣು ಬಿಟ್ಟರೆ ಆ ಗೊಂಬೆ ಅಷ್ಟು ಚೆಂದವಾಗಿತ್ತು. ಚೆಂದ ಮಾಡಿದ್ದೇ ತಪ್ಪಾಯಿತು ಎಂದು ಆಮೇಲೆ ಎಷ್ಟೋ ದಿನ ತನ್ನ ಕೈಯನ್ನೇ ಬೈದುಕೊಂಡಳು.

ಗೊಂಬೆಯನ್ನು ಸಾರುವೆಯ ಗಳಕ್ಕೆ ಕಟ್ಟಿದ್ದೇ ತಡ, ಸುತ್ತಿನ ಬಸುರಿಯರೆಲ್ಲ ಬರತೊಡಗಿದರು. ಯಾರೂ ಕರೆಯಲಿಲ್ಲ. ನೀರಿಗೆ ಹೋಗುವವರು, ಸಂತೆಗೆ ಹೋಗುವವರು, ಕಾಡಂಚಿನ ಹಾಡಿಯಿಂದ ಜೇನು ಮಾರಲು ಬಂದವರು, ಅದರ ಕೆಳಗೆ ನಿಂತು ಥೂ ಥೂ ಎಂದು ಉಗಿದು, ತಮ್ಮ ತಮ್ಮ ಹೆದರಿಕೆಯನ್ನು ಅದಕ್ಕೆ ಹೇಳಿ ಹೋಗುತ್ತಿದ್ದರು. ಕಾಲು ಊದಿದ್ದು, ಕನಸಿನಲ್ಲಿ ಹಾವು ಕಂಡದ್ದು, ಹೊಟ್ಟೆಯೊಳಗೆ ಎರಡು ದಿನದಿಂದ ಅಲುಗಾಟವಿಲ್ಲದ್ದು. ಗಂಡನಿಗೆ ಹೇಳಲಾಗದ್ದು, ಅತ್ತೆಗೆ ಹೇಳಬಾರದ್ದು. ಸಾಕಿಯೂ ಉಗಿದಳು. ಅಳದ ಕೂಸನ್ನೂ ಸಂಜೆ ಸುಮ್ಮನಾದ ಕೂಸನ್ನೂ ಅದರ ಹೊಟ್ಟೆಗೆ ಹಾಕಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಗಂಡನ ಮನೆಗೆ ಹೋದಳು.

ದಿನ ತುಂಬುವ ಮೊದಲೇ ಮಗಳನ್ನು ಕರೆತರೋಣವೆಂದು ಚಿಕ್ಕಸಿದ್ದಮ್ಮ ಬೇಗೂರಿಗೆ ಹೋಗಿದ್ದಳು. ಬಾಗಿಲು ತೆಗೆಯುವ ದಿನ ಇನ್ನೂ ದೂರವಿದೆ ಎಂದು ಶಿವನಂಜಪ್ಪನೇ ಹೇಳಿದ್ದ. ರಂಗನ ಗಾಡಿಯಲ್ಲಿ ತಾಯಿ ಮಗಳು ಹೊನ್ನೇಕೊಪ್ಪಲಿನ ತಿರುವಿಗೆ ಬಂದರೆ ವಾರ್ಡಿನ ಮುಂದೆ ತೋರಣ, ವಾಲಗ, ಎರಡು ಮೋಟಾರು. ಮೈಸೂರಿನ ದೊಡ್ಡ ಸಾಹೇಬರು ಕೋಟೆಗೆ ಹೋಗುವವರಿದ್ದರಂತೆ, ದಾರಿಯಲ್ಲೇ ಇದನ್ನೂ ಮುಗಿಸಿಬಿಡೋಣವೆಂದು ದಿನ ಹಿಂದಕ್ಕೆಳೆದರಂತೆ. ಚಿಕ್ಕಸಿದ್ದಮ್ಮ ಗಾಡಿಯಿಂದ ಧುಮುಕಿ ಸಾರುವೆ ಇದ್ದ ಕಡೆ ಓಡಿದಳು. ಸಾರುವೆ ಇರಲಿಲ್ಲ. ಗೊಂಬೆಯೂ ಇರಲಿಲ್ಲ.

ಯಾರೋ ಇಳಿಸಿ ಎಲ್ಲೋ ಎಸೆದಿದ್ದಾರೆ ಎಂದುಕೊಂಡು ತಲೆಯೆತ್ತಿದರೆ, ಮುಂಬಾಗಿಲ ಮೇಲಿನ ಗೂಡಿನಲ್ಲಿ, ಮಲ್ಲಿಗೆ ಹಾರ ಹಾಕಿಸಿಕೊಂಡು, ಅವಳ ಗೊಂಬೆ ಕೂತಿತ್ತು. ಚಾಚಿದ ನಾಲಿಗೆಯನ್ನು ಮುರಿದು ಬಾಯಿಗೆ ಸಿಮೆಂಟು ಮೆತ್ತಿದ್ದರು. ಮೈಗೆಲ್ಲ ಸಿಮೆಂಟು ಬಳಿದು ಹಳದಿ ಬಣ್ಣ, ಕೆಂಪು ಸೀರೆ ಬರೆದಿದ್ದರು. ಹೊಟ್ಟೆಯ ಮೇಲಿನ ಕೈಗೆ ಗಾರೆಯ ಉಂಡೆಯೊಂದನ್ನು ಅಂಟಿಸಿ ಅದಕ್ಕೆ ಕಣ್ಣು ಮೂಗು ಗೀಚಿ ಕೂಸು ಎಂದಿದ್ದರು. ಉಬ್ಬುಗಣ್ಣು ಮಾತ್ರ ಬಣ್ಣದೊಳಗಿಂದಲೂ ಹಾಗೆಯೇ ಗುರಾಯಿಸುತ್ತಿತ್ತು. ಕೆಳಗೆ ಕಪ್ಪಕ್ಷರದಲ್ಲಿ "ಮಾತೃಮೂರ್ತಿ. ಸರ್ಕಾರಿ ಸ್ವತ್ತು" ಎಂದು ಬರೆದಿದ್ದನ್ನು ರಂಗ ಅವರಿವರನ್ನು ಕೇಳಿ ತಿಳಿದುಕೊಂಡ.

ದೊಡ್ಡ ಸಾಹೇಬರು ಬೆತ್ತ ಎತ್ತಿ ಅದನ್ನು ತೋರಿಸುತ್ತ ಅಮಲ್ದಾರರಿಗೆ ಹೇಳುತ್ತಿದ್ದರು: "ಗಮನಿಸಿದಿರಾ? ಕಣ್ಣಿನಲ್ಲಿ ಎಂಥ ತೇಜಸ್ಸು! ಸರ್ಕಾರ ಇಂಥದಕ್ಕೆ ಕೊಟ್ಟ ಹಣ ಸಾರ್ಥಕ." ಶಿವನಂಜಪ್ಪ ಕೈಮುಗಿದು ನಿಂತಿದ್ದ.

ಚಿಕ್ಕಸಿದ್ದಮ್ಮನಿಗೆ ಮೊದಲು ಬಂದದ್ದು ನಗು. ನಕ್ಕೇಬಿಟ್ಟಳು, ಗಟ್ಟಿಯಾಗಿ. ಆಮೇಲೆ ಸಾಹೇಬರ ಮುಂದಕ್ಕೆ ನುಗ್ಗಿದಳು.

"ಬುದ್ಧೀ, ಅದು ದಿಷ್ಟಿಗೊಂಬೆ! ಕಣ್ಣೆಸರು ತಿನ್ನೋ ಗೊಂಬೆ! ನಮ್ ಹೆಂಗಸ್ರು ಉಗ್ದಿರೋ ಗೊಂಬೆ ಅದು, ಅದುನ್ನ ಬಾಗ್ಲ ಮೇಲೆ..."

ಜವಾನ ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದ. ಸಾಹೇಬರು ಏನೆಂದು ವಿಚಾರಿಸಿದರು. "ಹರಕೆ ಹೊತ್ತವಳು ಸ್ವಾಮಿ, ಭಕ್ತಿ ಹೆಚ್ಚು" ಎಂದ ಶಿವನಂಜಪ್ಪ. ಸಾಹೇಬರು ತಲೆದೂಗಿ ಮೋಟಾರು ಹತ್ತಿದರು. ಊರವರು? ನೂರಾರು ಜನ ನಿಂತಿದ್ದರು. ಆ ಗೊಂಬೆ ಯಾವುದೆಂದು ತಿಳಿಯದವರು ಅವರಲ್ಲಿ ಒಬ್ಬರೂ ಇರಲಿಲ್ಲ.

ಅಂದಿನಿಂದ ಯಾವ ಬಸುರಿಯೂ ಆ ಬಾಗಿಲು ದಾಟಲಿಲ್ಲ. ಹೇಗೆ ದಾಟಿಯಾಳು? ತಾನು ಉಗಿದ ಹೆದರಿಕೆ, ಊರವರೆಲ್ಲ ಉಗಿದ ಹೆದರಿಕೆ ತಲೆಯ ಮೇಲೆ ಕೂತು ಗುರಾಯಿಸುತ್ತಿರುವಾಗ, ನೋವು ತಿನ್ನುತ್ತ ಅದರಡಿ ನುಗ್ಗು ಎಂದರೆ? ಹಿಂಬಾಗಿಲಿತ್ತು. ಅದು ಹೆಣ ಸಾಗಿಸಲು, ಹೊಲಸು ಚೆಲ್ಲಲು ಇಟ್ಟದ್ದು. ಅಲ್ಲಿಂದ ಯಾರು ಮಗಳನ್ನು ಒಳಗೆ ಕರೆದೊಯ್ಯುತ್ತಾರೆ? ಸುನಂದಮ್ಮ ಮೊದಮೊದಲು ಗದರಿದರು, ಬುದ್ಧಿ ಹೇಳಿದರು, "ಅದು ಬರೀ ಮಣ್ಣು" ಎಂದರು. ಒಂದು ದಿನ ಗೊಂಬೆಗೆ ಹಾಸಿಗೆಯ ಬಟ್ಟೆ ಹೊದಿಸಿದರು. ಮೇಲ್ವಿಚಾರಣೆಗೆ ಬಂದ ಗುಮಾಸ್ತ ಸರ್ಕಾರದ ಅಲಂಕಾರ ಮುಚ್ಚುವ ಹಾಗಿಲ್ಲವೆಂದು ಬಟ್ಟೆ ತೆಗೆಸಿದ. ಗೊಂಬೆಯನ್ನೇ ತೆಗೆಸಿ ಬೇರೆ ಕಡೆ ಇಡಿ ಎಂದು ಸುನಂದಮ್ಮ ಮೇಲಿನವರಿಗೆ ಬರೆದರು. ಸಾಹೇಬರು ಮೆಚ್ಚಿದ ಮೂರ್ತಿ, ಹಳ್ಳಿಗರ ಮೂಢನಂಬಿಕೆಗಾಗಿ ಕದಲಿಸಲಾಗದು ಎಂದು ಉತ್ತರ ಬಂತು. ಹೊಸ ಮಂಚಗಳು, ಒಗೆದು ಮಡಿಸಿದ ಬಟ್ಟೆಗಳು, ಕುದಿಸಿಟ್ಟ ಕತ್ತರಿಗಳು ಒಳಗೆ. ಹೊರಗೆ, ಗೇಟಿನಾಚೆ, ಹೆಂಗಸರು.

ಮರಮ್ಮ ಸತ್ತದ್ದು ಆಗಲೇ. ಹಂಪಾಪುರದ ಆಚೆಯ ಹಟ್ಟಿಯವಳು, ಚೊಚ್ಚಲು. ಗಾಡಿ ಗೇಟಿನ ತನಕ ಬಂದಿತ್ತು. ಮರಮ್ಮ ತಲೆಯೆತ್ತಿ ನೋಡಿ "ಬೇಡ ಅತ್ತೆಮ್ಮ, ಬೇಡ" ಎಂದು ಚೀರಿದಳು. ಅತ್ತೆ ಗಾಡಿ ತಿರುಗಿಸಿದಳು. ಸುನಂದಮ್ಮ ಚಪ್ಪಲಿಯೂ ಇಲ್ಲದೆ ಗಾಡಿಯ ಹಿಂದೆ ಓಡಿದರು, ಕೆರೆಯೇರಿಯ ತನಕ ಓಡಿದರು. ಎತ್ತುಗಳು ನಿಲ್ಲಲಿಲ್ಲ. ಮರಮ್ಮನೂ ಕೂಸೂ ಒಂದೇ ಗುಂಡಿಗೆ ಹೋದರು.

ಸುದ್ದಿ ಕೇಳಿದ ಚಿಕ್ಕಸಿದ್ದಮ್ಮ ನೇರ ಶಿವನಂಜಪ್ಪನ ಜಗಲಿಗೆ ಹೋಗಿ ನಿಂತಳು. ಅವನು ಕ್ಷೌರ ಮಾಡಿಸಿಕೊಳ್ಳುತ್ತ ಕೂತಿದ್ದ.

"ಇಳಿಸ್ತೀಯೋ ಇಲ್ವೋ?"

"ಏನಮ್ಮಿ ಇದು, ಬಂದಿದ್ದೇ ಏಕವಚನ?"

"ಮೂರ್ತಿ ತರಕ್ಕೆ ಅಂತ ಕೊಟ್ಟಿದ್ದ ದುಡ್ಡು ಎಲ್ಲೋಯ್ತು? ನಿನ್ ಎಂಡ್ತಿ ಕತ್ತಿನ ಸರಕ್ಕೋಯ್ತಾ?"

"ನಿನ್ ಗೊಂಬೆನ ಸಾಹೇಬ್ರೇ ಒಗಳವ್ರೆ. ಕುಂಬಾರಗಿತ್ತಿ ಗೊಂಬೆಗೆ ಸರ್ಕಾರ ಆರ ಆಕ್ಸೈತೆ. ಸಂತೋಸ ಪಡದು ಬುಟ್ಟು..."

"ನೀರಿಗ್ ಬಿಡೋದು ಕಣಯ್ಯ ಅದು! ನೀನ್ ಗೊತ್ತಿದ್ದೂ ಮಾಡ್ದೆ. ಆ ಸಾಹೇಬ ಊರು ಕಾಣ, ಅವ್ನಿಗೆ ಗೊತ್ತಿಲ್ಲ. ನಿನ್ನ ತೊಟ್ಲು ತೂಗ್ದೋರೂ ಇಲ್ಲೇ ಅವ್ರೆ, ನಿಂಗೆ ಗೊತ್ತಿತ್ತು."

ಶಿವನಂಜಪ್ಪನ ಮುಖದ ಅರ್ಧಕ್ಕೆ ನೊರೆಯಿತ್ತು. ಇನ್ನರ್ಧ ಕೆಂಪಾಯಿತು. "ನೋಡು, ಅದೀಗ ಸರ್ಕಾರಿ ಸ್ವತ್ತು. ಮುಟ್ಟುದ್ರೆ ಕೋಟೆ ಠಾಣೆಗೆ ಒಯ್ತಾರೆ. ಮಗಳು ತುಂಬಿದ್ ಬಸ್ರಿ. ಅವಳು ಎರೋ ಒತ್ನಲ್ಲಿ ನೀನು ಕಂಬಿ ಎಣಿಸ್ತಾ ಕೂತಿರ್ತೀಯೋ? ಯೋಚ್ನೆ ಮಾಡು."

ಅವಳು ಯೋಚನೆ ಮಾಡಿದಳು. ಅದೇ ಅವಳ ಕೈ ಕಟ್ಟಿದ್ದು. ಸಾಕಿಗೆ ತಾನಲ್ಲದೆ ಯಾರಿದ್ದಾರೆ? ಹೊತ್ತು ಹೊತ್ತಿಗೂ ಮಗಳ ಕಾಲು ಒತ್ತಿ ನೋಡುವಳು, ಊದಿದೆಯೋ ಇಲ್ಲವೋ. ಮಗಳು ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೆ ಇವಳು ಎದ್ದು ಕೂರುವಳು. ಕೂಸು ಒದೆಯಿತೇ, ಇವತ್ತು ಒದೆಯಿತೇ, ಎಲ್ಲಿ, ಯಾವ ಕಡೆ? ಸಾಕಿ ರೇಗುತ್ತಿದ್ದಳು. "ನಿನ್ ಕಾಟ್ದಲ್ಲಿ ಕೂಸೂ ಎದ್ರಿ ಬಾಯ್ಮುಚ್ಕಂಡದೆ, ಸುಮ್ಕಿರವ್ವ!" ಗೊಂಬೆಯ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ನೋವು ಶುರುವಾದದ್ದು ಬೆಳಗಿನ ಗಂಜಿ ಕುಡಿಯುವ ಹೊತ್ತಿಗೆ. ಬೀರಮ್ಮ ಬಂದು ಹೊಟ್ಟೆಯ ಮೇಲೆ ಕೈಯಾಡಿಸಿ, ಮುಖ ಸಣ್ಣಗೆ ಮಾಡಿಕೊಂಡು, "ಸಿದ್ದಕ್ಕ, ಅಡ್ಡ ಕೂತದೆ. ಇದು ನನ್ ಕೈಲಿ ಆಗಕ್ಕಿಲ್ಲ. ಆ ವಾರ್ಡಿನ ಅಮ್ಮನ ತಾವ್ಕೇ ಒಯ್ಯಿ" ಎಂದಳು. ಆ ಮುದುಕಿಯ ಬಾಯಲ್ಲಿ ಆ ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲ. ರಂಗ ಗಾಡಿ ಕಟ್ಟಿದ.

ಗೇಟಿನೊಳಗೆ ಗಾಡಿ ಬಂತು. ಸುನಂದಮ್ಮ ಮೆಟ್ಟಿಲ ಮೇಲೆ ನಿಂತಿದ್ದರು. ಸಾಕಿಯನ್ನು ಇಳಿಸಿದರು. ಬಾಗಿಲ ಮುಂದೆ ಬಂದದ್ದೇ ಅವಳ ಕಾಲು ನೆಲಕ್ಕೆ ನಾಟಿಕೊಂಡಿತು.

"ಅವ್ವ, ಅದು ನೋಡ್ತದೆ."

"ಕಣ್ಮುಚ್ಕೋ ಮಗಳೇ."

"ನನ್ ಎಲ್ಡೂ ಕೂಸ್ನೂ ಅದರೊಟ್ಟೆಗೆ ಆಕಿವ್ನಿ ಅವ್ವ. ಅದರಡೀಲಿ ಓದ್ರೆ ಈ ಕೂಸ್ನೂ ಕೇಳ್ತದೆ. ನಾ ಬರಕ್ಕಿಲ್ಲ. ಇಲ್ಲೇ ಸಾಯ್ತೀನಿ."

ಸುನಂದಮ್ಮ ಸಾಕಿಯ ಭುಜ ಹಿಡಿದುಕೊಂಡು ಚಿಕ್ಕಸಿದ್ದಮ್ಮನ ಕಡೆ ನೋಡಿದರು. ಈ ಸಲ ಬರೀ ಮಣ್ಣು ಎನ್ನಲಿಲ್ಲ. "ಹೊತ್ತಿಲ್ಲ ಸಿದ್ದಮ್ಮ. ಏನು ಮಾಡಬೇಕೋ ಬೇಗ ಮಾಡಿ. ಕೇಳಿದವರಿಗೆ ನಾನೇ ಹೇಳಿದೆ ಅಂತೀನಿ."

ಚಿಕ್ಕಸಿದ್ದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ರಂಗ ಎತ್ತು ಬಿಚ್ಚಿ ಗಾಡಿಯನ್ನು ಬಾಗಿಲ ಕೆಳಕ್ಕೆ ತಳ್ಳಿ, ಅದು ವಾಲದಂತೆ ಮುಂದಿನ ಮೂಕಿ ಹಿಡಿದು ನಿಂತ. ಅವಳು ಗಾಡಿಯ ಮೇಲೆ, ಅದರ ಪಕ್ಕದ ಅಡ್ಡಪಟ್ಟಿಯ ಮೇಲೆ ಹತ್ತಿದಳು. ಬುಡಕ್ಕೆ ಮೆತ್ತಿದ್ದ ಸಿಮೆಂಟನ್ನು ಗಾಡಿಯಲ್ಲಿದ್ದ ಕಬ್ಬಿಣದ ಕೀಲು, ಕಡಾಣಿ, ತೆಗೆದುಕೊಂಡು ಕುಕ್ಕಿದಳು. ಒಂದೊಂದು ಪೆಟ್ಟಿಗೂ ಬಾಯಿ ಬೈಗುಳ ಉಗುಳುತ್ತಿತ್ತು: ಶಿವನಂಜಪ್ಪನಿಗೆ, ಬೆತ್ತದ ಸಾಹೇಬನಿಗೆ, ತಲೆ ತಗ್ಗಿಸಿ ನಿಂತ ಊರಿಗೆ, ಚೆಂದ ಮಾಡಿದ ತನ್ನ ಕೈಗೆ. ಜವಾನ "ಏ, ಏ" ಎನ್ನುತ್ತ ಓಡಿ ಬಂದ. ಸುನಂದಮ್ಮ ಅವನನ್ನು ನೋಡಿದ ನೋಟಕ್ಕೆ ಅಲ್ಲೇ ನಿಂತ. ಗೊಂಬೆ ಕಿತ್ತು ಬಂತು. ಮಣ್ಣಿನ ಗೊಂಬೆಯೆಂದು ಎತ್ತಿಕೊಂಡರೆ ಸಿಮೆಂಟಿನ ಭಾರ, ಎದೆಗೆ ಒತ್ತಿ ಹಿಡಿಯಬೇಕಾಯಿತು, ಕೂಸನ್ನು ಹಿಡಿದಂತೆ.

ಆಗ ನೆನಪಾಯಿತು. ಇಳಿಸಿದ ಮೇಲೆ ಹಿಂದಿರುಗಿ ನೋಡುವ ಹಾಗಿಲ್ಲ. ಹೊಳೆಗೆ ಹೋಗಲೇಬೇಕು, ಅದು ಕರಗುವ ತನಕ ಅಲ್ಲಿಂದ ಕದಲಬಾರದು. ಮಗಳು ಒಳಗೆ ಹೋಗುವುದನ್ನೂ ನೋಡುವ ಹಾಗಿಲ್ಲ.

"ಅವ್ವ, ನೀನೂ ಬಾ" ಎಂದಳು ಸಾಕಿ, ಬೆನ್ನ ಹಿಂದಿನಿಂದ.

"ನೀ ಓಗು. ಈಗ ಬಾಗ್ಲು ಬಾಗ್ಲೇ, ಏನೂ ಇಲ್ಲ ಅಲ್ಲಿ. ನಾನು ಇದುನ್ನ ಒಯ್ದು ಬತ್ತೀನಿ. ಓಗು ಮಗಳೇ, ಓಗು."

ಗಾಡಿಯಿಂದಿಳಿದು ಹೊಳೆಯ ದಾರಿ ಹಿಡಿದಳು. ಬೆನ್ನ ಹಿಂದೆ ಸಾಕಿಯ ಕಿರುಚು ಕೇಳಿತು. ಹೊರಗಿನಿಂದಲೋ ಒಳಗಿನಿಂದಲೋ ತಿಳಿಯಲಿಲ್ಲ. ಕುತ್ತಿಗೆಯ ನರ ತಾನಾಗಿ ತಿರುಗಲು ಎಳೆಯುತ್ತಿತ್ತು. ತಾಯಿಯ ಕುತ್ತಿಗೆ ತಿರುಗದೆ ಇರುತ್ತದೆಯೇ? ಹಲ್ಲು ಕಚ್ಚಿ ನಡೆದಳು. ತಿರುಗಿದರೆ, ಇದು ಹೊತ್ತಿರುವುದೆಲ್ಲ ಹಿಂದಕ್ಕೆ ಹೋಗಿ ಆ ಮಂಚದ ಮೇಲೆ ಕೂರುತ್ತದೆ.

ನೀರಿಗಿಟ್ಟರೆ ಗೊಂಬೆ ಕರಗಲಿಲ್ಲ. ಹೇಗೆ ಕರಗೀತು, ಮೈಗೆಲ್ಲ ಸರ್ಕಾರದ ಸಿಮೆಂಟು. ಸೊಂಟಮಟ್ಟ ನೀರಿನಲ್ಲಿ ನಿಂತು, ಬಟ್ಟೆ ಒಗೆಯುವ ಬಂಡೆಗೆ ಅದನ್ನು ಅಪ್ಪಳಿಸಿದಳು. ಹಳದಿ ಬಣ್ಣ ಎದ್ದಿತು, ಗಾರೆಯ ಕೂಸು ಉದುರಿ ಮುಳುಗಿತು. ಮತ್ತೆ ಅಪ್ಪಳಿಸಿದಳು. ಸಿಮೆಂಟು ಬಿರಿದ ಕಡೆ ಬೆರಳು ತೂರಿಸಿ ಕಿತ್ತಳು. ಉಗುರು ಕಿತ್ತುಬಂತು. ಒಳಗಿನ ಮಣ್ಣು, ತಾನು ತುಳಿದ ಮಣ್ಣು, ನೀರು ತಾಗುತ್ತಲೇ ಕಪ್ಪಗೆ ಬಿಟ್ಟುಕೊಳ್ಳತೊಡಗಿತು.

ಅಷ್ಟರಲ್ಲಿ ದಡದಿಂದ ಶಿವನಂಜಪ್ಪನ ಕೂಗು ಕೇಳಿತು. ಸುದ್ದಿ ಮುಟ್ಟಿ ಓಡಿ ಬಂದಿದ್ದ, ಏದುಸಿರು.

"ಲೇ ಸಿದ್ದೀ! ಸರ್ಕಾರಿ ಮೂರ್ತಿ ಒಡೀತಿದ್ದೀಯಲ್ಲೇ! ಇತ್ಲಾಗ್ ತಿರುಗು!"

"ತಿರುಗಕ್ಕಿಲ್ಲ. ಮಾತೇನಿದ್ರೂ ಬೆನ್ನಿಗೇ ಏಳು."

"ಪೊಲೀಸ್ರನ್ನ ಕರುಸ್ತೀನಿ!"

"ಕರ್ಸು. ಬಂದೋರ್ಗೆ ಏಳ್ತೀನಿ, ಈ ಸಿಮೆಂಟ್ನೊಳಗೆ ಇದ್ದದ್ದು ಕುಂಬಾರಗಿತ್ತಿ ತುಳಿದ ಮಣ್ಣು, ಮೆಣಸಿನ ಬೀಜ ಅಂತ. ಮೈಸೂರಿಂದ ತಂದಿದ್ದ ತಾಯಿ-ಮಗು ಎಲ್ಲಿ ಅಂತ ಅವರು ನಿನ್ನೇ ಕೇಳ್ತಾರೆ. ನೀರೊಳಕ್ಕೆ ಬಂದು ಕಸ್ಕೊಳ್ಳೋದಾದ್ರೆ ಬಾ. ಇನ್ನೂ ಕಣ್ಣು ಕರಗಿಲ್ಲ. ಮುಟ್ಟು, ಮರಮ್ಮನ್ದೂ ಐತೆ ಇದ್ರಲ್ಲಿ."

ಕೋಟು ತೊಟ್ಟರೂ ಅವನು ಆ ಊರಿನವನೇ. ನೀರಿಗಿಳಿಯಲಿಲ್ಲ.

ಗೊಂಬೆಯ ಕಣ್ಣುಗಳು ಕೊನೆಗೆ ಕರಗಿದವು. ಅಂಗೈಯಲ್ಲಿ ಇನ್ನೊಂದು ಮುಷ್ಟಿ ಮಣ್ಣಷ್ಟೇ ಉಳಿದಿದ್ದಾಗ ಮತ್ತೆ ಹೆಜ್ಜೆ ಸದ್ದು, ಯಾರೋ ಓಡಿ ಬರುವ ಸದ್ದು.

"ಅತ್ತೇ!" ರಂಗನ ಗಂಟಲು. ಅತ್ತಿದ್ದಾನೋ ನಕ್ಕಿದ್ದಾನೋ ಗಂಟಲಿನಿಂದ ತಿಳಿಯುವಂತಿರಲಿಲ್ಲ.

ಅವಳು ಮುಷ್ಟಿ ಬಿಗಿ ಹಿಡಿದಳು. "ಅಲ್ಲೇ ನಿಂತ್ಕೋ. ಅಲ್ಲಿಂದ್ಲೇ ಏಳು. ಇನ್ನೂ ಒಂದು ಮುಷ್ಟಿ ಐತೆ."

"ಕೂಸು ಅಳ್ತಾ ಐತೆ ಅತ್ತೆ. ಎಣ್ಕೂಸು. ಆ ಅಮ್ಮ ಕೈ ಆಕಿ ತಿರುಗಿಸಿದ್ರಂತೆ."

"ಸಾಕಿ?"

"ನೀರು ಕೇಳುದ್ಲು. ನಿನ್ ಮ್ಯಾಲೆ ಸಿಟ್ಟಾಗವ್ಳೆ. ಬುಟ್ಟೋದ್ಲು ಅಂತ ಬಯ್ತಾವ್ಳೆ."

"ಬಯ್ಲಿ" ಎಂದಳು ಚಿಕ್ಕಸಿದ್ದಮ್ಮ. ಮುಷ್ಟಿ ಬಿಚ್ಚಿದಳು. ಮಣ್ಣು ಹೋಯಿತು. ಆಗ ತಿರುಗಿದಳು. ದಡದಲ್ಲಿ ರಂಗ ಒಬ್ಬನೇ ನಿಂತಿದ್ದ.

ಪೊಲೀಸರು ಬರಲಿಲ್ಲ. ಮಳೆಗಾಳಿಗೆ ಮೂರ್ತಿ ಬಿದ್ದು ಒಡೆಯಿತೆಂದು ಮೇಲಕ್ಕೆ ತಿಳಿಸಲಾಯಿತು. ಅದು ಮಳೆಯಿಲ್ಲದ ತಿಂಗಳು, ಆದರೆ ಮೈಸೂರಿನಲ್ಲಿ ಯಾರಿಗೆ ಗೊತ್ತು? ಹೆಂಗಸರು ಆ ಬಾಗಿಲು ದಾಟತೊಡಗಿದರು. ಒಂದು ದಿನ ಅಮಲ್ದಾರರು ಚಿಕ್ಕಸಿದ್ದಮ್ಮನನ್ನು ಕರೆಸಿ, "ನೀನೇ ಒಂದು ಒಳ್ಳೆ ತಾಯಿ-ಮಗು ಮಾಡಿ, ಚೆನ್ನಾಗಿ ಸುಟ್ಟು, ಗೂಡಿಗಿಡಮ್ಮ" ಎಂದು ಮೆತ್ತಗೆ ಹೇಳಿದರು.

"ಮಾಡಕ್ಕಿಲ್ಲ ಬುದ್ಧೀ" ಎಂದಳು. "ಅದು ಸರ್ಕಾರ ನಮ್ಗೆ ಕೊಟ್ಟಾಗದೆ. ತಿಂದೋನು ತಂದು ಮಡಗ್ಲಿ."

ಆಮೇಲೆ ಹೆಂಗಸರಿಗೆ ಒಂದು ರೂಢಿಯಾಯಿತು. ವಾರ್ಡಿನಲ್ಲಿ ಹೆತ್ತು ಊರಿಗೆ ಹೊರಟ ಬಾಣಂತಿಯ ಗಾಡಿ ಶಿವನಂಜಪ್ಪನ ಮನೆಯ ಮುಂದೆ ತಪ್ಪದೆ ನಿಲ್ಲುವುದು. ಗಾಡಿಯೊಳಗಿಂದ ಅವಳ ತಾಯಿಯೋ ಅತ್ತೆಯೋ ಕೂಗುವುದು: "ಅಣ್ಣಾ, ನಮ್ಮ ತಾಯಿ-ಮಗು ಎಲ್ಲಿ? ತಂದ್ಯಾ?" ಉತ್ತರ ಬಂದರೂ ಬರದಿದ್ದರೂ ಗಾಡಿ ಮುಂದಕ್ಕೆ. ಹಾಡಿಯ ಕುಳ್ಳಿ ಎಂಬವಳು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ನಡೆದೇ ಹೋದಳು, ಅವಳೂ ನಿಂತು ಕೂಗಿಯೇ ಹೋದಳು. ಶಿವನಂಜಪ್ಪ ಮೊದಲು ಬೈದ, ಆಮೇಲೆ ಬಾಗಿಲು ಹಾಕಿಕೊಂಡ, ಕೊನೆಗೆ ಮನೆ ಮಾರಿ ಮೈಸೂರು ಸೇರಿದ.

ವರ್ಷಗಳು ಕಳೆದ ಮೇಲೆ ಹೊಸ ಓ‌ವರ್‌ಸಿಯರ್ ಒಬ್ಬ ಬಂದು, ಬಾಗಿಲ ಮೇಲಿನ ಆ ಗೂಡು ಸುಮ್ಮನೆ ಗುಬ್ಬಚ್ಚಿಗಳ ಪಾಲಾಗಿದೆ, ಇಟ್ಟಿಗೆಯಿಟ್ಟು ಮುಚ್ಚಿ ಸುಣ್ಣ ಹೊಡೆಯಿರಿ ಎಂದು ಆಳು ಕಳಿಸಿದ. ಚಿಕ್ಕಸಿದ್ದಮ್ಮನಿಗೆ ಆಗಲೇ ಕಣ್ಣು ಮಂಜು, ಬೆನ್ನು ಬಾಗಿತ್ತು. ಕೋಲೂರಿಕೊಂಡು ಬಂದು ಏಣಿಯ ಕೆಳಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಏಳಮ್ಮ, ಕೆಲಸ ಆಗ್ಬೇಕು" ಎಂದ ಓವರ್‌ಸಿಯರ್.

"ಏಳಕ್ಕಿಲ್ಲ. ಅದು ಖಾಲಿ ಇರ್ಲಿ."

"ಯಾಕಮ್ಮ? ಏನಿತ್ತು ಅಲ್ಲಿ?"

"ಕೇಳುದ್ಯಲ್ಲ" ಎಂದಳು ಚಿಕ್ಕಸಿದ್ದಮ್ಮ, ಕೋಲನ್ನು ಮೆಟ್ಟಿಲಿಗೆ ಕುಟ್ಟಿ. "ಅದು ಖಾಲಿ ಇದ್ದದ್ದಕ್ಕೆ ಕೇಳ್ದೆ. ಮುಚ್ಚಿದ್ರೆ ಕೇಳ್ತಿದ್ಯಾ? ಕೂತ್ಕೋ ಇಲ್ಲಿ, ಏನಿತ್ತು ಅಂತ ಏಳ್ತೀನಿ."